ಝಗಮಗನ ಕತ್ತಲೆ

ಅವನ ನಿಜವಾದ ಹೆಸರು ಅವನ ಹೆಂಡತಿಯನ್ನೂ ಬ್ಯಾಂಕಿನವರನ್ನೂ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಊರೆಲ್ಲ ಅವನನ್ನು ಝಗಮಗ ಎಂದೇ ಕರೆಯುತ್ತಿತ್ತು. ಚಿನ್ನದಂಗಡಿಯಿರಲಿ, ಬಟ್ಟೆಯಂಗಡಿಯಿರಲಿ, ಪಾತ್ರೆಯಂಗಡಿಯೇ ಇರಲಿ, ಇವನು ಏಣಿ ಹತ್ತಿ ದೀಪ ಕೂರಿಸಿ ಇಳಿದನೆಂದರೆ ಸಾಕು, ನಿನ್ನೆಯವರೆಗೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಮಾಲು ಇವತ್ತು ರಾಜಗಾಂಭೀರ್ಯದಿಂದ ಕೂತಿರುತ್ತಿತ್ತು. ತಗಡಿನ ಸರಕ್ಕೂ ಕಳೆ ತರುವ ಕೈ ಅದು. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ, ಅದೂ ಯಾರೂ ಕೇಳದೆ ಇದ್ದಾಗ.

ಇಂಥವನನ್ನು ಊರಿನ ಅಕ್ವೇರಿಯಂನವರು ಕರೆಸಿ ಕೇಳಿದ್ದೇನು ಅಂತೀರಿ? ಕತ್ತಲೆ ಮಾಡಿಕೊಡಿ ಅಂತ!

ಕೇಳಿದವಳು ಡಾಕ್ಟರಮ್ಮ. ಅವಳು ಮನುಷ್ಯರ ಡಾಕ್ಟರಲ್ಲ. ಅಲ್ಲಿಯ ಮೀನು, ಹವಳ, ಏಡಿ, ಆಮೆಗಳ ಹೊಟ್ಟೆನೋವು ತಲೆನೋವು ನೋಡಿಕೊಳ್ಳುವವಳು. ಸದಾ ಒದ್ದೆ ತೋಳು, ಕಾಲಲ್ಲಿ ರಬ್ಬರ್ ಬೂಟು, ಕಿವಿಯ ಹಿಂದೆ ಒಂದು ಪೆನ್ಸಿಲ್ಲು. ವಯಸ್ಸಿನಲ್ಲಿ ಝಗಮಗನಿಗಿಂತ ತುಂಬಾ ಚಿಕ್ಕವಳಾದರೂ ಅವಳೆದುರು ಅವನು ಬೀಡಿಯನ್ನು ಜೇಬಿನಿಂದ ಹೊರಗೆ ತೆಗೆಯುತ್ತಿರಲಿಲ್ಲ.

"ಅಮ್ಮಾ, ಕತ್ತಲೆ ಬೇಕಂದ್ರೆ ನಾನ್ಯಾಕೆ? ಸ್ವಿಚ್ ಆಫ್ ಮಾಡಿದ್ರೆ ಆಯ್ತಲ್ಲ" ಎಂದ ಝಗಮಗ.

"ಪೂರ್ತಿ ಕತ್ತಲೆ ಬೇಡ ಅಣ್ಣ. ಬೆಳಕು ಇನ್ನೇನು ಮುಗಿದೇ ಹೋಯ್ತು ಅನ್ನೋ ಆಳ ಇರುತ್ತಲ್ಲ, ಅಲ್ಲಿಯ ಬೆಳಕು ಬೇಕು. ಬನ್ನಿ, ತೋರಿಸ್ತೀನಿ."

ಅವಳು ತೋರಿಸಿದ್ದು ಹಿಂದಿನ ಕೋಣೆಯ ಒಂದು ದೊಡ್ಡ ಟ್ಯಾಂಕು. ಒಳಗೆ ಒಂದರ ಮೇಲೊಂದು ಕಂದು ಬಣ್ಣದ ತಟ್ಟೆಗಳನ್ನು ಜೋಡಿಸಿಟ್ಟಂತೆ ಹವಳಗಳು. ಹವಳ ಎಂದರೆ ಕೊಂಬೆ ಕೊಂಬೆಯಾಗಿ, ಕೆಂಪಗೆ ಇರುತ್ತದೆ ಎಂದುಕೊಂಡಿದ್ದ ಝಗಮಗ ಮೂಗು ಮುರಿದ. ತೊಳೆಯದೆ ಬಿಟ್ಟ ಊಟದ ತಟ್ಟೆಗಳೇ ಇದಕ್ಕಿಂತ ಲಕ್ಷಣವಾಗಿರುತ್ತವೆ ಎನಿಸಿತು. ಬಾಯಿಬಿಟ್ಟು ಅನ್ನಲಿಲ್ಲ, ಪುಣ್ಯ.

ಡಾಕ್ಟರಮ್ಮ ಅವುಗಳ ಕತೆ ಹೇಳಿದಳು. ಮುಳುಗುಗಾರರು ಸಾಮಾನ್ಯವಾಗಿ ಇಳಿಯುವುದಕ್ಕಿಂತ ಕೆಳಗೆ, ಸೂರ್ಯನ ಬೆಳಕು ನೂರರಲ್ಲಿ ಒಂದು ಪಾಲು ಮಾತ್ರ ತಲುಪುವ ಕಡೆಯಲ್ಲೂ ಹವಳದ ದಿಬ್ಬಗಳಿವೆಯಂತೆ. ನೀರು ಕೆಂಪನ್ನು ಮೊದಲು ನುಂಗುತ್ತದೆ, ಆಮೇಲೆ ಹಳದಿ, ಕೊನೆಗೆ ಉಳಿಯುವುದು ನೀಲಿ ಮಾತ್ರ. ಯಾವುದೋ ಹಡಗಿನ ಲಂಗರು ಅಂಥ ದಿಬ್ಬವೊಂದನ್ನು ಉಜ್ಜಿಕೊಂಡು ಹೋಗಿ ಮುರಿದು ಕೆಡವಿದ ತುಂಡುಗಳನ್ನು ರೋಬಾಟು ಇಳಿಸಿ ಹೆಕ್ಕಿ ತಂದಿದ್ದರು. ಅಲ್ಲೇ ಬಿಟ್ಟಿದ್ದರೆ ಮರಳಲ್ಲಿ ಹೂತು ಸಾಯುತ್ತಿದ್ದವು.

"ಇದೇ ಜಾತಿ ಹವಳ ಮೇಲೆ ಬಿಸಿಲಲ್ಲಿ ಬೆಳೆದ್ರೆ ಗುಂಡಗೆ ಗುಡ್ಡೆ ಥರ ಇರುತ್ತೆ ಅಣ್ಣ. ಕೆಳಗೆ ಮಾತ್ರ ಹೀಗೆ ಚಪ್ಪಟೆ."

ಝಗಮಗ ಟ್ಯಾಂಕಿನ ಹತ್ತಿರ ಬಗ್ಗಿದ. ದೀಪದ ವಿಷಯ ಬಂದರೆ ಅವನ ತಲೆ ಚುರುಕು. "ಓಹೋ! ಮೇಲಿಂದ ಬೀಳೋದು ಒಂದು ಚೂರೂ ಆಚೀಚೆ ಹೋಗ್ಬಾರ್ದು ಅಂತ ತಟ್ಟೆ ಹಿಡ್ಕೊಂಡು ಕೂತಿದಾವೆ!"

"ಅದೇ. ಮೈಯೊಳಗೆ ಪಾಚಿ ಬಾಡಿಗೆಗೆ ಇರುತ್ತೆ. ಬೆಳಕಲ್ಲಿ ಅಡುಗೆ ಮಾಡಿ ಮನೆ ಯಜಮಾನನಿಗೆ ಬಡಿಸೋದೇ ಬಾಡಿಗೆ. ಇವಕ್ಕೆ ಸಣ್ಣ ಉರಿ ಅಭ್ಯಾಸ. ಒಲೆ ಜೋರು ಮಾಡಿದ್ರೆ ಬಾಡಿಗೆದಾರರು ಗಂಟುಮೂಟೆ ಕಟ್ತಾರೆ. ಯಜಮಾನ ಬಿಳಿಚಿಕೊಂಡು ಉಪವಾಸ ಬೀಳ್ತಾನೆ."

"ಹಾಗಾದ್ರೆ ಮೇಲಿನ ಹವಳ ಸತ್ತ ಕಡೆ ಇವನ್ನ ತಗೊಂಡು ಹೋಗಿ ನೆಡೋಕಾಗಲ್ವಾ?" ಎಂದು ಅವನು ಕೇಳಿದ. ಹೋದ ಬೇಸಿಗೆಯ ಕಾವಿಗೆ ತೀರದ ಹವಳವೆಲ್ಲ ಬೆಳ್ಳಗಾದ ಸುದ್ದಿ ಅವನ ಕಿವಿಗೂ ಬಿದ್ದಿತ್ತು.

"ಎಲ್ಲರೂ ಅದನ್ನೇ ಕೇಳ್ತಾರೆ. ಎರಡೂ ಕಡೆ ಬದುಕೋವು ಕೆಲವಿವೆ. ಕೆಳಗೆ ಬಿಟ್ಟು ಬೇರೆಲ್ಲೂ ಬದುಕದೇ ಇರೋವೇ ಜಾಸ್ತಿ. ಇವು ಮೇಲಿನವರ ಗೋದಾಮಲ್ಲ ಅಣ್ಣ, ಇವರದೇ ಬೇರೆ ಸಂಸಾರ."

ಎಲ್ಲಕ್ಕಿಂತ ಮುಂದೆ, ಬಂಡೆಯ ಅಂಚಿನಲ್ಲಿ ಅಗಲವಾಗಿ ಚಾಚಿಕೊಂಡಿದ್ದ ತಟ್ಟೆಗೆ ಅವಳು ದೊಡ್ಡಮ್ಮ ಎಂದು ಹೆಸರಿಟ್ಟಿದ್ದಳು. ವರ್ಷಕ್ಕೆ ಉಗುರಿನಷ್ಟೂ ಬೆಳೆಯದ ಜೀವ, ನನಗಿಂತ ಹಿರಿಯಳು ಎಂದಳು.

ಝಗಮಗನಿಗೆ ಹುಮ್ಮಸ್ಸು ಬಂತು. ನೀಲಿ ಹಾಳೆ ಒಂದರ ಮೇಲೊಂದು ಅಂಟಿಸಿ, ತೆಗೆದು, ಮತ್ತೆ ಅಂಟಿಸಿ, ಡಾಕ್ಟರಮ್ಮ ಟ್ಯಾಂಕಿನ ಮೂಲೆಯಲ್ಲಿ ಇಳಿಬಿಟ್ಟ ಬೆಳಕಿನ ಮೀಟರು ಸರಿ ಎನ್ನುವವರೆಗೆ ಜಗಳವಾಡಿದ. ಕೊನೆಗೆ ಏಣಿಯಿಂದ ಇಳಿದು ನೋಡಿದಾಗ, ಬೆಳಕು ಎಲ್ಲಿಂದ ಬರುತ್ತಿದೆ ಎಂದು ಅವನಿಗೇ ಹೇಳಲಾಗುವಂತಿರಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಇಂಥದ್ದು ಮಾಡಿರಲಿಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ಸಂತೋಷವಾಯಿತು.

ಕೋಣೆ ತೆರೆದ ದಿನ ಮೊದಲು ಕರೆದುಕೊಂಡು ಬಂದದ್ದು ಹೆಂಡತಿಯನ್ನು. ಅವಳು ಟೈಲರ್. ಮನೆಯ ಮುಂಗೋಣೆಯೇ ಅವಳ ಅಂಗಡಿ. ಮದುವೆಯಾದಾಗಿನಿಂದ ಅವನ ಪ್ರತಿಯೊಂದು ಕೆಲಸವನ್ನೂ ಹೋಗಿ ನೋಡಿ, ಸೊಂಟದ ಮೇಲೆ ಕೈಯಿಟ್ಟು, "ಪರವಾಗಿಲ್ಲ ರೀ" ಎಂದು ಹೇಳಿದವಳು. ಆ ಒಂದು ಮಾತಿನ ಮುಂದೆ ಅಂಗಡಿ ಯಜಮಾನರ ಹೊಗಳಿಕೆಯೆಲ್ಲ ಅವನಿಗೆ ಲೆಕ್ಕಕ್ಕಿರಲಿಲ್ಲ.

ಈ ಸಲ ಅವಳು ಬಿಸಿಲಿನಿಂದ ಬಂದು, ಬಿಳಿ ಟ್ಯೂಬುಗಳು ಹೊಳೆಯುವ ಹಾದಿ ದಾಟಿ, ಆ ಕೋಣೆಯೊಳಗೆ ಕಾಲಿಟ್ಟು, ಆಚೆ ಬಾಗಿಲಿಂದ ಹೊರಬಂದಳು. ಅಷ್ಟೇ.

"ಏನ್ರೀ ಇದು?" ಎಂದಳು, ಅದೂ ಟಿಕೆಟ್ ಕೌಂಟರಿನ ಮುಂದೆ, ಸಾಲಲ್ಲಿ ನಿಂತವರಿಗೆಲ್ಲ ಕೇಳಿಸುವಂತೆ. "ಟಿಕೆಟ್ ತಗೊಂಡು ಕಣ್ಮುಚ್ಚಿಕೊಂಡು ಬಂದ ಹಾಗಾಯ್ತು! ನೀವು ಏನು ಮಾಡಿದೀರ ಅಂತ ನಂಗೇನೂ ಕಾಣ್ಲೇ ಇಲ್ಲ."

ಜನ ನಕ್ಕರು. ಝಗಮಗನೂ ಹಲ್ಲು ಕಿರಿದ. ಆದರೆ ಮಾತು ಎದೆಗೆ ನಾಟಿತ್ತು.

ಕೌಂಟರಿನ ಹಿಂದೆ ನಿಂತಿದ್ದ ಮ್ಯಾನೇಜರಿಗೂ ನಾಟಿತ್ತು. ಆ ಮನುಷ್ಯ ಕೆಟ್ಟವನಲ್ಲ. ಆದರೆ ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ನಿಲ್ಲುವುದಿಲ್ಲ ಎಂಬುದರ ಮೇಲೆ ಅವನ ಉಸಿರಾಟ ನಡೆಯುತ್ತಿತ್ತು. ಕತ್ತಲೆ ಕೋಣೆಯಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ತಿಂಗಳ ಕೊನೆಗೆ ಅಕ್ವೇರಿಯಂ ನಡೆಸುವ ಟ್ರಸ್ಟಿನವರು ಬರುತ್ತಾರೆ, ಅಷ್ಟರೊಳಗೆ ಜನ ನಿಂತು ನೋಡುವ ಹಾಗಾಗದಿದ್ದರೆ ಆ ಟ್ಯಾಂಕಿಗೆ ಬಣ್ಣದ ಮೀನು ಬಿಡುತ್ತೇವೆ ಎಂದು ಝಗಮಗನ ಎದುರಲ್ಲೇ ಡಾಕ್ಟರಮ್ಮನಿಗೆ ಹೇಳಿಬಿಟ್ಟ.

"ಇವನ್ನ ಎಲ್ಲಿಡ್ಲಿ ಸಾರ್?" ಎಂದಳು ಅವಳು. "ಉಳಿದ ಟ್ಯಾಂಕೆಲ್ಲ ಬೆಳಕಿನವು. ಸಮುದ್ರಕ್ಕೆ ವಾಪಸ್ ಬಿಡೋ ಹಾಗಿಲ್ಲ, ಇಲ್ಲಿಯ ರೋಗ ಏನಾದ್ರೂ ಅಂಟಿದ್ರೆ ಅಲ್ಲಿರೋವಕ್ಕೂ ಹರಡುತ್ತೆ."

"ನೋಡೋಣಮ್ಮ" ಎಂದ ಮ್ಯಾನೇಜರ್. ನೋಡೋಣ ಎಂದರೆ ಏನೆಂದು ಮೂವರಿಗೂ ಗೊತ್ತಿತ್ತು.

ಅವಳು ಅತ್ತ ಹೋದ ಮೇಲೆ ಮ್ಯಾನೇಜರ್ ಝಗಮಗನ ಹೆಗಲಿಗೆ ಕೈ ಹಾಕಿದ. "ನೀವು ಅನುಭವಸ್ಥರು. ಒಂಚೂರು ಏರಿಸ್ರೀ. ಯಾರಿಗೆ ಗೊತ್ತಾಗುತ್ತೆ?"

ಝಗಮಗ ಏರಿಸಿದ. ಮ್ಯಾನೇಜರ್ ಹೇಳಿದ್ದಕ್ಕೆ ಎಂದು ತನಗೆ ತಾನೇ ಹೇಳಿಕೊಂಡ. ತಟ್ಟೆಗಳನ್ನು ಉಳಿಸುವುದಕ್ಕೇ ಎಂದೂ ಹೇಳಿಕೊಂಡ. ಕಾಣ್ಲೇ ಇಲ್ಲ ಎಂದ ಹೆಂಡತಿಯ ಮಾತನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಚಿನ್ನದಂಗಡಿಯಲ್ಲಿ ಒಂದೇ ಒಂದು ಉಂಗುರದ ಮೇಲೆ ಬೆಳಕು ಬೀಳಿಸಲು ಬಳಸುವ ಪುಟ್ಟ ದೀಪವೊಂದು ಅವನ ಚೀಲದಲ್ಲಿತ್ತು. ಅದರ ಬಾಯಿಗೆ ತಾನೇ ಕತ್ತರಿಸಿದ ಗುಂಡನೆಯ ತೂತಿನ ತಗಡು ಕೂರಿಸಿ, ಸೀಲಿಂಗಿನ ಸಂದಿಯಲ್ಲಿ ಅಡಗಿಸಿ, ದೊಡ್ಡಮ್ಮನ ಬೆನ್ನಿನ ಮೇಲೆ ಮಾತ್ರ ಬೀಳುವಂತೆ ತಿರುಗಿಸಿದ. ಡಾಕ್ಟರಮ್ಮನ ಮೀಟರು ಟ್ಯಾಂಕಿನ ಮೂಲೆಯಲ್ಲಿತ್ತು. ಅದಕ್ಕೆ ಇದರ ಗಾಳಿಯೂ ಸೋಕಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದಾಗ ಹತ್ತಿ, ಸಂಜೆ ಮುಚ್ಚುವಾಗ ತಾನೇ ಆರುವ ಹಾಗೆ ಹಾದಿಯ ದೀಪಗಳ ಸ್ವಿಚ್ಚಿಗೇ ಜೋಡಿಸಿದ. ಡಾಕ್ಟರಮ್ಮ ಆ ಹೊತ್ತಿನಲ್ಲಿ ಹಿಂದಿನ ಪಂಪಿನ ಕೋಣೆಯಲ್ಲೇ ಇರುತ್ತಿದ್ದಳು. ಟ್ಯಾಂಕಿಗೆ ಕೈ ಹಾಕುವುದೆಲ್ಲ ಜನ ಬರುವ ಮುಂಚೆ.

ಜನ ನಿಂತರು ನೋಡಿ! "ಅಲ್ನೋಡು, ಅಲ್ನೋಡು" ಎಂದು ಬೆರಳು ತೋರಿಸಿದರು. ಮ್ಯಾನೇಜರ್ ಚಹಾ ತರಿಸಿಕೊಟ್ಟ. ಝಗಮಗ ಬೇರೆ ಕೆಲಸಕ್ಕೆ ಹೋದ. ಬಟ್ಟೆಯಂಗಡಿಯೊಂದರ ಏಣಿಯ ಮೇಲೆ ನಿಂತು ಸಿಳ್ಳೆ ಹಾಕುತ್ತಿದ್ದಾಗ ಡಾಕ್ಟರಮ್ಮನ ಫೋನು ಬಂತು.

"ಅಣ್ಣ, ಸ್ವಲ್ಪ ಬಿಡುವು ಮಾಡ್ಕೊಂಡು ಬಂದು ಒಂದು ಟೇಬಲ್ ಲ್ಯಾಂಪ್ ಜೋಡಿಸಿ ಕೊಡ್ತೀರಾ? ಮಧ್ಯಾಹ್ನ ದೊಡ್ಡಮ್ಮನ್ನ ಹೊರಗೆ ತೆಗೀಬೇಕು." ಅವಳ ದನಿ ಸಪ್ಪಗಿತ್ತು. "ಏನೋ ರೋಗ ಬಂದಿದೆ. ನೀರು ಸರಿಯಿದೆ, ಕಾವು ಸರಿಯಿದೆ, ಬೆಳಕೂ ಸರಿಯಿದೆ. ಆದ್ರೂ ಬಿಳಿ ಹರಡ್ತಿದೆ. ಆ ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನ ಔಷಧಿಯಲ್ಲಿ ಅದ್ದಿ ನೋಡ್ತೀನಿ."

ಝಗಮಗ ಏಣಿಯಿಂದ ಇಳಿದು ನೇರ ಅಲ್ಲಿಗೇ ಬಂದ. ಅವತ್ತು ಅಕ್ವೇರಿಯಂಗೆ ರಜೆ. ಕೋಣೆಯಲ್ಲಿ ನೀಲಿ ಬೆಳಕಷ್ಟೇ ಇತ್ತು. ಗಾಜಿಗೆ ಹಣೆ ಹಚ್ಚಿ ನಿಂತ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು.

ದೊಡ್ಡಮ್ಮನ ಬೆನ್ನಿನ ಮೇಲೆ ಗುಂಡನೆಯ ಬಿಳಿ ಮಚ್ಚೆ. ರೋಗ ಎಲ್ಲಾದರೂ ಕೈವಾರ ಹಿಡಿದು ಹರಡುತ್ತದೆಯೇ? ಅದೂ ಒಂದು ಬದಿಯಲ್ಲಿ ಹಲ್ಲು ಹಾಕಿ ಕಚ್ಚಿದಂತೆ ಒಂದು ಸೊಟ್ಟು. ತಗಡು ಕತ್ತರಿಸುವಾಗ ಕತ್ತರಿ ಜಾರಿ ಅವನ ಕೈಯಿಂದಲೇ ಆಗಿದ್ದ ಸೊಟ್ಟು. ಅಂಗಡಿಗಳ ಗೋಡೆಯ ಮೇಲೆ ಆ ದೀಪ ಬಿಟ್ಟಾಗಲೆಲ್ಲ ಅದೇ ಸೊಟ್ಟು ಬೀಳುತ್ತಿತ್ತು, ಅವನು ಅದನ್ನು ಉಂಗುರದ ಪೆಟ್ಟಿಗೆಯ ಹಿಂದೆ ಮರೆಮಾಡುತ್ತಿದ್ದ. ಇಲ್ಲಿ ಮರೆಮಾಡಲು ಏನೂ ಇರಲಿಲ್ಲ.

ಹಿಂದಿನ ಬಾಗಿಲಿಂದ ಡಾಕ್ಟರಮ್ಮ ಔಷಧಿಯ ಬಕೀಟು, ಕತ್ತರಿಸುವ ಇಕ್ಕಳ ಹಿಡಿದು ಬಂದಳು.

"ಮುಟ್ಬೇಡಿ ಅಮ್ಮ" ಎಂದ. "ಅದು ರೋಗ ಅಲ್ಲ. ನಾನು."

ಏಣಿ ಹತ್ತಿ ಸಂದಿಯಿಂದ ದೀಪ ಕಿತ್ತು ತಂದು ಅವಳ ಕೈಯಲ್ಲಿಟ್ಟ. ಅವಳು ತಗಡನ್ನು ನೋಡಿದಳು, ಮಚ್ಚೆಯನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಬಕೀಟನ್ನು ಕೆಳಗಿಟ್ಟು, ಅದರ ಪಕ್ಕ ನೆಲದ ಮೇಲೇ ಕೂತುಬಿಟ್ಟಳು.

"ಈಗ ಬರದೇ ಇದ್ದಿದ್ರೆ ಮೈ ಚೆನ್ನಾಗಿರೋ ಜೀವಾನ ಕತ್ತರಿಸಿಬಿಡ್ತಿದ್ದೆ ಅಣ್ಣ" ಎಂದಳು.

"ಬದುಕುತ್ತಾ?"

"ಜೀವ ಇದೆ. ಬಾಡಿಗೆದಾರರು ಮಾತ್ರ ಹೋಗಿದಾರೆ. ಇನ್ನು ನೆಮ್ಮದಿಯಾಗಿ ಬಿಟ್ರೆ ಅಂಚಿನಿಂದ ವಾಪಸ್ ಬರಬಹುದು. ಬರದೇ ಇದ್ರೆ ಬಿಳೀ ಮೇಲೆ ಬೇರೆ ಕೊಳೆಪಾಚಿ ಕೂತ್ಕೊಳ್ಳುತ್ತೆ. ಆಮೇಲೆ ಮುಗೀತು." ಅವಳು ಎದ್ದು ಬಕೀಟು ಎತ್ತಿಕೊಂಡಳು. "ಆದ್ರೆ ನೆಮ್ಮದಿಯಾಗಿ ಬಿಡೋದು ಯಾರು? ತಿಂಗಳ ಕೊನೆಗೆ ಟ್ಯಾಂಕೇ ಇರಲ್ಲವಲ್ಲ."

ಝಗಮಗ ದೀಪವನ್ನು ಚೀಲಕ್ಕೆ ತುರುಕಿಕೊಂಡು ಉರಿಬಿಸಿಲಲ್ಲಿ ಮನೆಗೆ ನಡೆದ. ಪ್ರಪಂಚದಲ್ಲಿ ಇಷ್ಟೊಂದು ಬೆಳಕು ದಂಡವಾಗಿ ಬಿದ್ದಿದೆಯಲ್ಲ ಎಂದು ಮೊದಲ ಸಲ ಸಿಟ್ಟು ಬಂತು.

ಮನೆಯೊಳಗೆ ಕಾಲಿಟ್ಟವನೇ ಸ್ಟೂಲಿಗೆ ಎಡವಿದ. ಹೆಂಡತಿ ಕಣ್ಣು ನೋಯುತ್ತಿದೆ ಎಂದು ಕಿಟಕಿ ಮುಚ್ಚಿ, ದೀಪ ಆರಿಸಿ, ಗೋಡೆಗೊರಗಿ ಕೂತಿದ್ದಳು.

"ಅಯ್ಯೋ, ದೀಪನಾದ್ರೂ ಹಾಕ್ಬಾರ್ದಾ!" ಎಂದು ಸ್ವಿಚ್ಚಿಗೆ ತಡಕಾಡಿದ.

"ಹಾಕ್ಬೇಡಿ ರೀ, ಕಣ್ಣಿಗೆ ಚುಚ್ಚುತ್ತೆ. ಒಂದ್ನಿಮಿಷ ನಿಂತ್ಕೊಳ್ಳಿ, ತಾನೇ ಕಾಣುತ್ತೆ."

ನಿಂತ. ಮೊದಲು ಸ್ಟೂಲು ಕಂಡಿತು. ಆಮೇಲೆ ಹೊಲಿಗೆ ಯಂತ್ರದ ಚಕ್ರ, ಹ್ಯಾಂಗರಿಗೆ ತೂಗುಹಾಕಿದ ಯಾರದೋ ಕೋಟು, ನೆಲದ ಮೇಲಿನ ದಾರದ ಚೂರು. ಕೊನೆಗೆ ಹೆಂಡತಿಯ ಮುಖ, ಕಣ್ಣಿನ ಕೆಳಗಿನ ಸುಸ್ತು. ಇದನ್ನೆಲ್ಲ ನೋಡಲು ಅವನು ಒಂದು ತಂತಿಯನ್ನೂ ಎಳೆದಿರಲಿಲ್ಲ.

"ಥೂ ನನ್ನ! ದೀಪದ ಕೆಲಸ ಮಾಡ್ತೀನಂತೆ ದೀಪದ ಕೆಲಸ!" ಎಂದು ಹಣೆ ಬಡಿದುಕೊಂಡ.

"ಏನಾಯ್ತು ಈಗ?"

"ಏನಿಲ್ಲ ಕಣೇ. ಕಪ್ಪು ಬಟ್ಟೆ ಎಷ್ಟಿದೆ ನಿನ್ನ ಹತ್ರ?"

ಮರುದಿನ ಮ್ಯಾನೇಜರನ ಮುಂದೆ ನಿಂತು ಅವನು ಕೇಳಿದ್ದು ಇಷ್ಟೇ: ಕತ್ತಲೆ ಕೋಣೆಗೆ ಹೋಗುವ ಹಾದಿಯ ಬಿಳಿ ಟ್ಯೂಬುಗಳನ್ನೆಲ್ಲ ತೆಗೆಯುತ್ತೇನೆ, ಹಾದಿಯನ್ನು ಪರದೆ ಕಟ್ಟಿ ಅಂಕುಡೊಂಕು ಮಾಡುತ್ತೇನೆ, ಒಂದೊಂದು ತಿರುವಿಗೂ ಬೆಳಕು ಕಮ್ಮಿ ಮಾಡುತ್ತೇನೆ, ಟ್ಯಾಂಕಿನ ಎದುರು ಒಂದು ಬೆಂಚು ಹಾಕುತ್ತೇನೆ. ಟ್ಯಾಂಕಿನಲ್ಲಿ ಬೆಳಕು ಏರಿಸುವುದಲ್ಲ, ಟ್ಯಾಂಕಿನ ಮುಂದೆ ಬರುವ ಹೊತ್ತಿಗೆ ಜನರ ಕಣ್ಣು ಕತ್ತಲೆಗೆ ಹೊಂದಿಕೊಂಡಿರಬೇಕಾಗಿತ್ತು.

"ಅಂದ್ರೆ ಇರೋ ಲೈಟ್ ಕಿತ್ತು ಹಾಕೋಕೆ ನಾನು ನಿಮಗೆ ಕೂಲಿ ಕೊಡ್ಬೇಕು!" ಎಂದ ಮ್ಯಾನೇಜರ್.

"ಕೂಲಿ ಬೇಡ ಸಾರ್. ಮಾಡೋಕೆ ಬಿಡಿ ಸಾಕು."

ಝಗಮಗ ಕೂಲಿ ಬೇಡ ಎನ್ನುವುದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಮ್ಯಾನೇಜರ್ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ಸರಿ. ಆದ್ರೆ ನಿಮ್ಮ ಮನೆಯವರು ಕೌಂಟರ್ ಮುಂದೆ ನಿಂತು ಉಗಿದದ್ದು ನನ್ನ ಕಿವೀಲಿ ಇನ್ನೂ ಇದೆ. ಟ್ರಸ್ಟಿನವರು ಬರೋ ಮುಂಚೆ ಅವರನ್ನೇ ಕರ್ಕೊಂಡು ಬನ್ನಿ. ಅವರು ಕೂತು ನೋಡಿದ್ರೆ ಟ್ಯಾಂಕ್ ಉಳಿಯುತ್ತೆ, ನಾನು ಮಾತಾಡ್ತೀನಿ. ಅವತ್ತಿನ ಹಾಗೆ ಎದ್ದು ಬಂದ್ರೆ ಬಣ್ಣದ ಮೀನು."

ಹೆಂಡತಿಗೆ ಇದ್ಯಾವುದೂ ಹೇಳುವ ಹಾಗಿರಲಿಲ್ಲ, ಅದೂ ಮ್ಯಾನೇಜರನದೇ ಷರತ್ತು. ಅವಳು ಯಂತ್ರದ ಮುಂದೆ ಕೂತು ಗಜಗಟ್ಟಲೆ ಪರದೆ ಹೊಲಿಯುತ್ತಾ, "ಯಾರು ಸತ್ರು ಅಂತ ಇಷ್ಟು ಕಪ್ಪು ಬಟ್ಟೆ? ಇದರಲ್ಲಿ ಸೂಜಿ ಎಲ್ಲಿ ಹೋಯ್ತು ಅಂತ ನನಗೇ ಕಾಣ್ತಿಲ್ಲ" ಎಂದು ಗೊಣಗಿದಳು. ಅವನು ಬಾಯಿಗೆ ಬೀಗ ಹಾಕಿಕೊಂಡು ಟ್ಯೂಬು ಬಿಚ್ಚಿದ, ಪರದೆ ಕಟ್ಟಿದ, ಬೆಂಚು ಹೊತ್ತು ತಂದ. ದಿನಾ ಬೆಳಿಗ್ಗೆ ಮೊದಲು ಗಾಜಿಗೆ ಹಣೆ ಹಚ್ಚಿ ಮಚ್ಚೆ ನೋಡುತ್ತಿದ್ದ. ಅದು ಹಾಗೇ ಬೆಳ್ಳಗಿತ್ತು. ಹೇಗಿದೆ ಎಂದು ಡಾಕ್ಟರಮ್ಮನನ್ನು ಕೇಳುವ ಧೈರ್ಯವಾಗಲಿಲ್ಲ. ಅವಳೂ ತಾನಾಗಿ ಹೇಳಲಿಲ್ಲ.

ಕೊನೆಗೆ ಆ ದಿನ ಬಂತು. ಹೆಂಡತಿ ಮುಂದೆ, ಅವಳ ಹಿಂದೆ ಅವನು, ಅವನ ಹಿಂದೆ ಮ್ಯಾನೇಜರ್. ಮೊದಲ ತಿರುವಿನಲ್ಲಿ ಅವಳು ತಾನೇ ಹೊಲಿದ ಪರದೆಯನ್ನು ಬೆರಳಲ್ಲಿ ಉಜ್ಜಿ, "ಓ, ಇಲ್ಲಿಗಾ" ಎಂದಳು. ಎರಡನೆಯ ತಿರುವಿನಲ್ಲಿ ನಡಿಗೆ ನಿಧಾನವಾಯಿತು. ಮೂರನೆಯದರಲ್ಲಿ ಗೋಡೆ ಹಿಡಿದುಕೊಂಡಳು. ಡಾಕ್ಟರಮ್ಮ ಟ್ಯಾಂಕಿನ ಪಕ್ಕ ಕೈಕಟ್ಟಿ ನಿಂತಿದ್ದಳು.

"ಮತ್ತೆ ಅದೇ ಕತೆ" ಎಂದಳು ಹೆಂಡತಿ. ಆದರೆ ಕಾಲು ನೋಯುತ್ತಿತ್ತೋ ಏನೋ, ಬೆಂಚು ಸಿಕ್ಕಿತೆಂದು ಕೂತಳು.

ನೀರಿನ ಪಂಪು ಸಣ್ಣಗೆ ಸದ್ದು ಮಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳ ಕತ್ತು ಒಂದಿಷ್ಟು ಮುಂದೆ ಬಂತು.

"ಅಲ್ಲೇನೋ ಓಡಾಡ್ತಿದೆ... ಸೀಗಡಿ ಅಲ್ವಾ ಅದು? ಅಯ್ಯೋ, ಎಷ್ಟು ಪುಟ್ಟದು! ತಟ್ಟೆಯಿಂದ ತಟ್ಟೆಗೆ ಹೇಗೆ ಹೋಗ್ತಿದೆ ನೋಡಿ." ಇನ್ನಷ್ಟು ಮುಂದಕ್ಕೆ ಬಗ್ಗಿದಳು. "ತಟ್ಟೆಗಳ ಅಂಚೆಲ್ಲ ಹಸುರು ಹಸುರಾಗಿ ಹೊಳೀತಿದೆ. ಅವತ್ತು ಇದೆಲ್ಲ ಇತ್ತಾ?"

"ಇತ್ತು" ಎಂದಳು ಡಾಕ್ಟರಮ್ಮ.

ಮ್ಯಾನೇಜರ್ ಗಡಿಯಾರ ನೋಡಲು ಕೈ ಎತ್ತಿದವನು ಹಾಗೇ ಇಳಿಸಿದ. ಮೆಲ್ಲಗೆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಝಗಮಗನಿಗೆ ಅಳು ಬಂದ ಹಾಗಾಯಿತು. ಗೆದ್ದೆ ಎಂದುಕೊಂಡ. ಅಷ್ಟರಲ್ಲಿ ಹೆಂಡತಿ ಎದ್ದು ಗಾಜಿನ ಹತ್ತಿರ ಹೋದಳು.

"ಅದೇನ್ರೀ, ಆ ದೊಡ್ಡದರ ಬೆನ್ನಿನ ಮೇಲೆ? ಗುಂಡಗೆ, ಬೆಳ್ಳಗೆ?" ಬಟ್ಟೆಯಲ್ಲಿ ನೂಲಿನಷ್ಟು ಕಲೆ ಇದ್ದರೂ ಹಿಡಿಯುವ ಕಣ್ಣು ಅದು. "ಯಾರೋ ಇಸ್ತ್ರಿ ಪೆಟ್ಟಿಗೆ ಇಟ್ಟು ಮರೆತುಹೋದ ಹಾಗಿದೆಯಲ್ಲ! ಇಷ್ಟು ಚೆಂದದ್ದನ್ನ ಸುಟ್ಟಿದಾರಲ್ಲ, ಯಾವ ಪುಣ್ಯಾತ್ಮ ರೀ ಅವನು?"

ಮ್ಯಾನೇಜರ್ ತಲೆ ತಗ್ಗಿಸಿದ. ಡಾಕ್ಟರಮ್ಮ ಝಗಮಗನ ಕಡೆ ನೋಡಿದಳು. ಝಗಮಗನಿಗೆ ತಪ್ಪಿಸಿಕೊಳ್ಳಲು ಬೇಕಾದಷ್ಟು ಕತ್ತಲೆಯಿತ್ತು, ಆದರೆ ಅದರಲ್ಲಿ ಈಗ ಎಲ್ಲವೂ ಕಾಣುತ್ತಿತ್ತು.

"ನಾನೇ ಕಣೇ" ಎಂದ. "ನಿನಗೆ ಕಾಣ್ಲಿ ಅಂತ."

ಅವಳು ತಿರುಗಿ ಅವನ ಮುಖ ನೋಡಿದಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, "ಹೋಗುತ್ತಾಮ್ಮ ಆ ಕಲೆ?" ಎಂದು ಕೇಳಿದಳು. ಅವನಿಗೆ ಕೇಳಲಾಗದೇ ಉಳಿದಿದ್ದ ಪ್ರಶ್ನೆ ಅದು.

"ನಿನ್ನೆಯಿಂದ ಅಂಚಿನಲ್ಲಿ ಒಂದು ಗೆರೆಯಷ್ಟು ಕಂದು ಬಂದಿದೆ ಅಕ್ಕ. ನಿಜಾನಾ ಅಂತ ನನಗೇ ಖಾತ್ರಿ ಇರಲಿಲ್ಲ, ಅದಕ್ಕೇ ಹೇಳಿರಲಿಲ್ಲ. ಇವತ್ತು ಬೆಳಿಗ್ಗೆಯೂ ಇತ್ತು. ತುಂಬೋಕೆ ತಿಂಗಳುಗಟ್ಟಲೆ ಬೇಕು."

"ನಮ್ಮನೆ ಟ್ಯೂಬುಗಳನ್ನೂ ಬಿಚ್ಚಿಬಿಡ್ತಾರೇನೋ ಇನ್ನು" ಎಂದಳು ಹೆಂಡತಿ. ದನಿ ಒದ್ದೆಯಾಗಿತ್ತು. ಅವನ ಅಂಗಿಯ ತೋಳು ಹಿಡಿದು ಬೆಂಚಿನ ಮೇಲೆ ತನ್ನ ಪಕ್ಕಕ್ಕೆ ಎಳೆದು ಕೂರಿಸಿದಳು. ಮ್ಯಾನೇಜರ್ ಅವರಿಬ್ಬರಿಗೆ ಜಾಗವಾಗಲೆಂದು ತುದಿಗೆ ಸರಿದ, ಆದರೆ ಏಳಲಿಲ್ಲ.

"ಪರವಾಗಿಲ್ಲ ರೀ" ಎಂದಳು ಅವಳು, ಟ್ಯಾಂಕಿನಿಂದ ಕಣ್ಣು ತೆಗೆಯದೆ.